ಟೂಲ್‌ಟಿಪ್ (ಜಾಲಪುಟ)

ಟೂಲ್‌ಟಿಪ್ ಎಂದರೆ ಜಾಲಪುಟದ ಪದ, ಚಿತ್ರ ಅಥವಾ ಗುಂಡಿಯ ಮೇಲೆ ಮೌಸ್‌ನ ಸೂಚಕವನ್ನು ಇರಿಸಿದಾಗ, ಇಲ್ಲವೇ ಕೀಲಿಮಣೆಯ ಮೂಲಕ ಅಲ್ಲಿಗೆ ತಲುಪಿದಾಗ, ಪಕ್ಕದಲ್ಲಿ ಕಾಣಿಸಿಕೊಳ್ಳುವ ಚಿಕ್ಕ ವಿವರಣಾ ಪೆಟ್ಟಿಗೆ. ಅಂಚಿನಾಚೆಯ ಭಾಗವನ್ನು ಮರೆಮಾಡುವ ಚೌಕಟ್ಟಿನೊಳಗೆ ಇದನ್ನು ಅಳವಡಿಸಿದರೆ ವಿವರಣೆಯೂ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಅದನ್ನು ಚೌಕಟ್ಟಿನ ಹೊರಗೆ ಪೂರ್ಣವಾಗಿ ತೋರಿಸಲು ಹಲವು ವಿಧಾನಗಳಿವೆ.

ಉದಾಹರಣೆ

ಚಾಮರಾಜನಗರ ಜಿಲ್ಲೆಯ ಗ್ರಾಮಗಳ ಪಟ್ಟಿಯನ್ನು ಕಿರಿದಾದ, ಸ್ಕ್ರಾಲ್ ಆಗುವ ಚೌಕಟ್ಟಿನಲ್ಲಿ ನೀಡಿದಾಗ ‘ಭೀಮನಬೀಡು’ ಎಂಬ ಹೆಸರು ಸ್ಥಳ ಸಾಲದೆ ‘ಭೀಮನ…’ ಎಂದು ಮೊಟಕಾಗಬಹುದು. ಪೂರ್ಣ ಹೆಸರನ್ನೂ ‘ಗುಂಡ್ಲುಪೇಟೆ ತಾಲ್ಲೂಕು’ ಎಂಬ ವಿವರವನ್ನೂ ತಿಳಿಸುವುದು ಟೂಲ್‌ಟಿಪ್‌ನ ಕೆಲಸ. ಅದೂ ತುಂಡಾದರೆ ಊರು ಯಾವುದೆಂದು ತಿಳಿಯಲು ಓದುಗರಿಗೆ ಆ ಪಟ್ಟಿಯಲ್ಲಿ ಬೇರೆ ದಾರಿ ಉಳಿಯುವುದಿಲ್ಲ.

ಕಾರಣ

1998ರ ಮೇ ತಿಂಗಳಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸೋರ್ಟಿಯಂ ಪ್ರಕಟಿಸಿದ ಸಿಎಸ್‌ಎಸ್ 2 ಮಾನಕದಲ್ಲಿ ‘ಓವರ್‌ಫ್ಲೋ’ ಎಂಬ ಗುಣವಿದೆ. ಇದಕ್ಕೆ ‘ಹಿಡನ್’, ‘ಸ್ಕ್ರಾಲ್’ ಅಥವಾ ‘ಆಟೊ’ ಎಂಬ ಬೆಲೆ ನೀಡಿದರೆ ಚೌಕಟ್ಟು ತನ್ನ ಅಂಚನ್ನು ಮೀರಿದ ಭಾಗವನ್ನು ಕತ್ತರಿಸುತ್ತದೆ. ‘ಝಡ್-ಇಂಡೆಕ್ಸ್’ ಸಂಖ್ಯೆಯನ್ನು ಹೆಚ್ಚಿಸಿದರೆ ಸರಿಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಆ ಸಂಖ್ಯೆಯು ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ಮಾತ್ರ ನಿರ್ಧರಿಸುತ್ತದೆ, ಕತ್ತರಿಕೆಯನ್ನು ತಡೆಯುವುದಿಲ್ಲ. ಅಡ್ಡ ದಿಕ್ಕಿನಲ್ಲಿ ‘ವಿಸಿಬಲ್’, ಲಂಬ ದಿಕ್ಕಿನಲ್ಲಿ ‘ಆಟೊ’ ಎಂದು ಸೂಚಿಸಿದರೂ ಬ್ರೌಸರ್ ಮೊದಲನೆಯದನ್ನೂ ‘ಆಟೊ’ ಎಂದೇ ಪರಿಗಣಿಸುತ್ತದೆ.

ವಿಧಾನಗಳು

• ಟೈಟಲ್ ಗುಣಲಕ್ಷಣ: ಇದನ್ನು ಬ್ರೌಸರ್ ತಾನೇ ತೋರಿಸುವುದರಿಂದ ಕತ್ತರಿಕೆಯಾಗದು. ಆದರೆ ಸ್ಪರ್ಶಪರದೆಯಲ್ಲಿಯೂ ಕೀಲಿಮಣೆಯ ಬಳಕೆಯಲ್ಲಿಯೂ ಇದು ಸಾಮಾನ್ಯವಾಗಿ ಕಾಣಿಸುವುದಿಲ್ಲ.
• ಸ್ಥಿರ ಸ್ಥಾನ: ‘ಪೊಸಿಶನ್: ಫಿಕ್ಸೆಡ್’ ಎಂದಾಗ ಪೆಟ್ಟಿಗೆಯ ಸ್ಥಾನವು ಚೌಕಟ್ಟಿಗಲ್ಲದೆ ಪರದೆಯ ಗೋಚರ ಭಾಗಕ್ಕೆ ಅನುಗುಣವಾಗಿರುತ್ತದೆ. ಹೊರಗಿನ ಯಾವುದಾದರೂ ಚೌಕಟ್ಟಿಗೆ ‘ಟ್ರಾನ್ಸ್‌ಫಾರ್ಮ್’ ಅಥವಾ ‘ಫಿಲ್ಟರ್’ ಅನ್ವಯಿಸಿದ್ದರೆ ಈ ಉಪಾಯ ಫಲಿಸದಿರಬಹುದು.
• ಪೋರ್ಟಲ್: ಪೆಟ್ಟಿಗೆಯನ್ನು ಚೌಕಟ್ಟಿನಿಂದ ತೆಗೆದು ಪುಟದ ‘ಬಾಡಿ’ ಭಾಗದ ಕೊನೆಯಲ್ಲಿ ಸೇರಿಸುವುದು. 2017ರಲ್ಲಿ ಬಂದ ರಿಯಾಕ್ಟ್ 16 ಇದಕ್ಕೆ ನೇರ ಸೌಲಭ್ಯ ಒದಗಿಸಿತು.
• ಪಾಪ್‌ಓವರ್: ಪುಟದ ಉಳಿದೆಲ್ಲ ಅಂಶಗಳ ಮೇಲಿರುವ ‘ಟಾಪ್ ಲೇಯರ್’ ಪದರದಲ್ಲಿ ಪೆಟ್ಟಿಗೆಯನ್ನು ತೋರಿಸುವುದು. 2023ರಲ್ಲಿ ಕ್ರೋಮ್ 114 ಮತ್ತು ಸಫಾರಿ 17, 2024ರಲ್ಲಿ ಫೈರ್‌ಫಾಕ್ಸ್ 125 ಆವೃತ್ತಿಗಳು ಇದನ್ನು ಅಳವಡಿಸಿಕೊಂಡವು.

ಕೊನೆಯ ಮೂರು ವಿಧಾನಗಳಲ್ಲಿ ಮೂಲ ಪದದ ಸ್ಥಾನವನ್ನು ಜಾವಾಸ್ಕ್ರಿಪ್ಟ್‌ನಿಂದ ಅಳೆದು ಪೆಟ್ಟಿಗೆಯನ್ನು ಅದರ ಬಳಿ ಇರಿಸುವುದು ವಾಡಿಕೆ. ಪಟ್ಟಿ ಸ್ಕ್ರಾಲ್ ಆದಾಗ ಮತ್ತೆ ಅಳೆಯಬೇಕು. ಮೂಲ ಪದವೇ ಮರೆಯಾದರೆ ಪೆಟ್ಟಿಗೆಯನ್ನೂ ಮುಚ್ಚಬೇಕು. ಈ ಲೆಕ್ಕಾಚಾರವನ್ನು ಬ್ರೌಸರ್‌ಗೇ ವಹಿಸುವ ‘ಆಂಕರ್ ಪೊಸಿಶನಿಂಗ್’ ಸೌಲಭ್ಯವು 2024ರ ಮೇ ತಿಂಗಳಲ್ಲಿ ಕ್ರೋಮ್ 125ರಲ್ಲಿ ಬಂದಿತು.

ಎಲ್ಲರಿಗೂ ಎಟುಕುವಿಕೆ

2018ರ ಜೂನ್‌ನಲ್ಲಿ ಪ್ರಕಟವಾದ ಡಬ್ಲ್ಯುಸಿಎಜಿ 2.1 ಮಾರ್ಗಸೂಚಿಯ 1.4.13ನೆಯ ನಿಯಮದಂತೆ, ಹೀಗೆ ಮೂಡುವ ವಿವರಣೆಯನ್ನು ಸೂಚಕವನ್ನು ಸರಿಸದೆಯೇ ಮುಚ್ಚಲು ಸಾಧ್ಯವಿರಬೇಕು; ಸೂಚಕವನ್ನು ವಿವರಣೆಯ ಮೇಲೆ ತಂದಾಗ ಅದು ಮಾಯವಾಗಬಾರದು; ಓದುವ ಮೊದಲೇ ತಾನಾಗಿ ಮರೆಯಾಗಬಾರದು. ಪೋರ್ಟಲ್ ಬಳಸಿದಾಗ ಪದಕ್ಕೂ ವಿವರಣೆಗೂ ಪುಟದ ರಚನೆಯಲ್ಲಿ ಅಂತರವುಂಟಾಗುತ್ತದೆ. ಆದ್ದರಿಂದ ದೃಷ್ಟಿಹೀನರು ಬಳಸುವ ಸ್ಕ್ರೀನ್ ರೀಡರ್‌ಗೆ ಆ ಸಂಬಂಧವನ್ನು ‘ಏರಿಯಾ-ಡಿಸ್‌ಕ್ರೈಬ್ಡ್‌ಬೈ’ ಗುಣಲಕ್ಷಣದ ಮೂಲಕ ತಿಳಿಸಬೇಕಾಗುತ್ತದೆ.

ಕನ್ನಡ ಪುಟಗಳಲ್ಲಿ

ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೆ ಸೇರಿಕೊಳ್ಳುವುದರಿಂದಲೂ ಸಮಾಸಪದಗಳಿಂದಲೂ ಪದಗಳು ಉದ್ದವಾಗುತ್ತವೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಎತ್ತರವನ್ನು ಬಿಗಿಯಾಗಿ ನಿಗದಿಪಡಿಸಿದರೆ, ಚೌಕಟ್ಟಿನಿಂದ ಹೊರಬಂದ ಟೂಲ್‌ಟಿಪ್‌ನಲ್ಲಿಯೂ ‘ಗುಂಡ್ಲುಪೇಟೆ’ಯ ಲಕಾರದ ಒತ್ತು ಕತ್ತರಿಸಿಹೋಗಬಹುದು. ಪೆಟ್ಟಿಗೆಯ ಎತ್ತರ ಪಠ್ಯಕ್ಕೆ ತಕ್ಕಂತೆ ಹಿಗ್ಗುವಂತಿದ್ದು, ಸಾಲಿನ ಎತ್ತರವೂ ಸಾಕಷ್ಟಿದ್ದರೆ ಈ ದೋಷ ಉಂಟಾಗುವುದಿಲ್ಲ.