ಲೂಯಿಸ್ ದ್ವೀಪದ ಸ್ಮಾರಕಶಿಲೆಗಳು

ಸ್ಕಾಟ್ಲೆಂಡಿನ ವಾಯವ್ಯದಲ್ಲಿರುವ ಲೂಯಿಸ್ ದ್ವೀಪದ ಹಳ್ಳಿಗಳ ಯುದ್ಧಸ್ಮಾರಕಗಳಲ್ಲಿ, ಕದನವು ನಿಂತ ಮೇಲೆ ಮಡಿದವರ ಹೆಸರುಗಳೂ ಕೊರೆಯಲ್ಪಟ್ಟಿವೆ. 1918ನೆಯ ನವೆಂಬರ್ 11ರಂದು ಮಹಾಯುದ್ಧವು ಶಮನವಾಯಿತು. ಹೊಸ ವರ್ಷದ ದಿನ ಮನೆ ಸೇರುವ ಹಂಬಲದಿಂದ ನಾವಿಕರು ‘ಅಯೊಲೇರ್’ ಎಂಬ ನೌಕೆಯನ್ನೇರಿದರು. 1919ನೆಯ ಜನವರಿ 1ರಂದು, ಬೆಳಕು ಹರಿಯುವ ಮುನ್ನವೇ, ಸ್ಟೋರ್ನೊವೇ ಬಂದರಿನ ಬಾಗಿಲಲ್ಲಿ ಅದು ಬಂಡೆಗೆ ತಾಗಿ ಒಡೆಯಿತು. ದಡವು ಕೂಗಳತೆಯಲ್ಲಿಯೇ ಇದ್ದಿತು. ಒಬ್ಬ ಧೀರನು ಹಗ್ಗವನ್ನು ಹಿಡಿದು ಈಜಿ ದಡ ಸೇರಿದುದರಿಂದ ಸುಮಾರು 40 ಮಂದಿ ಬದುಕಿದರು. 200ಕ್ಕೂ ಮಿಕ್ಕ ಜನರು ಮುಳುಗಿದರು. ಹಲವರ ದೇಹಗಳು ದೊರೆಯಲೇ ಇಲ್ಲ. ಫ್ರಾನ್ಸಿನಲ್ಲಿ ಮಡಿದವರ ದೇಹಗಳನ್ನು ತರಲು ಸರಕಾರವು ಅನುಮತಿಸಿರಲಿಲ್ಲ. ಅವರಿಗೂ ಇವರಿಗೂ ಊರಿನ ಕಲ್ಲೇ ಗೋರಿಯಾಯಿತು. ಶತ್ರುವಿನ ಗುಂಡಿಗೆ ಬಿದ್ದವರ ಪಂಕ್ತಿಯಲ್ಲಿಯೇ ಇವರನ್ನು ಸೇರಿಸಿದುದು ನ್ಯಾಯವೇ ಸರಿ. ಆ ರಾತ್ರಿಯ ಮಾತನ್ನಾದರೋ ಅಲ್ಲಿಯ ಮನೆಗಳಲ್ಲಿ ಹಿರಿಯರು ಬಹುಕಾಲ ಎತ್ತುತ್ತಲೇ ಇರಲಿಲ್ಲ.