ಮೋತಿಬಿಂದುವಿನ ಶಿಬಿರದಿಂದ ಲೇಸರಿನ ಕೋಣೆಗೆ: ಮಲಪ್ರಭೆಯ ಸೀಮೆಯಲ್ಲಿ ಗ್ಲಾಕೋಮಾದ ಅರಿವು

ಮಲಪ್ರಭಾ ನದಿ ಹಾಯ್ದುಹೋಗುವ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಕಣ್ಣಿನ ಬೇನೆ ಎಂದೊಡನೆ ಹಿರಿಯರಿಗೆ ಮೊದಲು ನೆನಪಾಗುವುದು ಮೋತಿಬಿಂದು, ಅಂದರೆ ಕಣ್ಣಿನ ಪೊರೆ. ಮರಾಠಿಯಲ್ಲಿ ಕಾಚಬಿಂದು ಎಂದೂ ವೈದ್ಯರ ಮಾತಿನಲ್ಲಿ ಗ್ಲಾಕೋಮಾ ಎಂದೂ ಹೆಸರಿರುವ ಇನ್ನೊಂದು ಕಾಯಿಲೆ ಹೆಸರಿನಲ್ಲಿ ಅದಕ್ಕೆ ಹತ್ತಿರವಾದರೂ ಸ್ವಭಾವದಲ್ಲಿ ತೀರ ಬೇರೆ. ಪೊರೆಯೆಂದರೆ ಕಣ್ಣಿನೊಳಗಿನ ಮಸೂರ ಮಬ್ಬಾಗುವುದು. ಅದನ್ನು ತೆಗೆದು ಕೃತಕ ಮಸೂರವನ್ನು ಕೂರಿಸಿದರೆ, ಕಣ್ಣಿನ ಉಳಿದ ಭಾಗಗಳು ಚೆನ್ನಾಗಿದ್ದಲ್ಲಿ, ದೃಷ್ಟಿ ಮರಳುತ್ತದೆ. ಗ್ಲಾಕೋಮಾದಲ್ಲಿ ಕೆಡುವುದು ನೋಟವನ್ನು ಮಿದುಳಿಗೆ ಮುಟ್ಟಿಸುವ ನರ. ಅದರ ಎಳೆಗಳು ಒಮ್ಮೆ ಸತ್ತರೆ ಇಂದಿನ ಯಾವ ಔಷಧಿಯಿಂದಲೂ, ಯಾವ ಲೇಸರಿನಿಂದಲೂ ಅವನ್ನು ಬದುಕಿಸಲಾಗದು. ಈಚಿನ ಎರಡು ಮೂರು ದಶಕಗಳಲ್ಲಿ ಚಸ್ಮಾ ಬಿಡಿಸುವ ಲೇಸರ್ ಚಿಕಿತ್ಸೆಯ ಹೆಸರೂ ಊರೂರಿಗೆ ಮುಟ್ಟಿದ್ದು, ಹೀಗೆ ಬೇರೆ ಬೇರೆಯಾದ ಮೂರು ಸಂಗತಿಗಳು ರೋಗಿಯ ಮನಸ್ಸಿನಲ್ಲಿ ಒಂದರೊಳಗೊಂದು ಬೆರೆತುಹೋಗಿವೆ.

ಈ ಬೆರಕೆಗೆ ಕಾರಣ ಅಜ್ಞಾನವಲ್ಲ, ಒಂದು ದೊಡ್ಡ ಯಶಸ್ಸಿನ ನೆನಪು. ಬೀಳಗಿಯ ಡಾ. ಎಂ.ಸಿ. ಮೋದಿಯವರು 1943ರಿಂದ ಊರೂರು ತಿರುಗಿ ನಡೆಸಿದ ನೇತ್ರ ಶಿಬಿರಗಳು ಉತ್ತರ ಕರ್ನಾಟಕದ ಬಡವರ ಪಾಲಿಗೆ ಕಣ್ಣಿನ ವೈದ್ಯವೆಂದರೆ ಏನು ಎಂಬುದನ್ನು ಮೊದಲ ಸಲ ತೋರಿಸಿಕೊಟ್ಟವು. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆ, 1993ರ ಫೆಬ್ರವರಿಯವರೆಗೆ ಒಟ್ಟು 6,10,564 ಶಸ್ತ್ರಚಿಕಿತ್ಸೆ ಎಂದು ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿ ನಮೂದಾಗಿರುವ ಅವರ ಕೆಲಸಕ್ಕೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಸಂದವು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಬಹುಕಾಲ ಪೊರೆಯ ಮೇಲೆಯೇ ಗಮನವಿಟ್ಟಿತು. ದೇಶದ ಕುರುಡುತನದ ಬಹುಪಾಲು ಅದರಿಂದಲೇ ಬರುತ್ತಿದ್ದ ಕಾಲದಲ್ಲಿ ಅದು ಸರಿಯಾದ ನಿರ್ಧಾರವೇ ಆಗಿತ್ತು. ಆದರೆ ಕತ್ತಲು ಕವಿದ ಮೇಲೂ ಬೆಳಕು ಮರಳುತ್ತದೆ ಎಂಬ ಈ ಅನುಭವವೇ, ಪೊರೆ ಬಲಿಯಲಿ, ಆಮೇಲೆ ತೋರಿಸೋಣ ಎಂದು ಕಾಯುವ ರೂಢಿಯನ್ನೂ ಬೆಳೆಸಿತು. ಈ ಕಾಯುವಿಕೆ ಪೊರೆಯ ರೋಗಿಗೂ ಸುರಕ್ಷಿತವಲ್ಲ. ತೀರ ಬಲಿತ ಪೊರೆ ಊದಿಕೊಂಡು ಕಣ್ಣಿನೊಳಗಿನ ನೀರಿನ ದಾರಿಯನ್ನು ಒತ್ತಬಹುದು, ಇಲ್ಲವೇ ಸೋರಿದ ಅದರ ಅಂಶವು ಆ ದಾರಿಯನ್ನು ಕಟ್ಟಬಹುದು. ಆಗ ಪೊರೆಯೇ ಗ್ಲಾಕೋಮಾವನ್ನು ತಂದು, ಮರಳಬೇಕಾಗಿದ್ದ ದೃಷ್ಟಿಯನ್ನು ಶಾಶ್ವತವಾಗಿ ಕಸಿದುಕೊಳ್ಳುತ್ತದೆ.

ನೀರಿನ ದಾರಿ ಎಂಬ ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ಕಣ್ಣಿನೊಳಗೆ ಒಂದು ತಿಳಿಯಾದ ದ್ರವ ಸದಾ ಊರುತ್ತ, ಕಪ್ಪುಗುಡ್ಡೆಯ ಅಂಚಿನ ಕೋನದಲ್ಲಿರುವ ಜಾಲರಿಯಂಥ ಅಂಗಾಂಶದ ಮೂಲಕ ಹೊರಹೋಗುತ್ತಿರುತ್ತದೆ. ಕಣ್ಣೀರಿಗೂ ಇದಕ್ಕೂ ಸಂಬಂಧವಿಲ್ಲ. ನವಿಲುತೀರ್ಥದ ಜಲಾಶಯಕ್ಕೆ ಬರುವ ನೀರು ಬಂದಷ್ಟೇ ಹೊರಗೆ ಹರಿದರೆ ಮಟ್ಟ ಸಮನಾಗಿರುವಂತೆ, ಊರುವುದೂ ಹೊರಹೋಗುವುದೂ ಸರಿದೂಗಿದಾಗ ಕಣ್ಣಿನ ಒತ್ತಡ ಸಾಮಾನ್ಯವಾಗಿ ಪಾದರಸದ 10ರಿಂದ 21 ಮಿಲಿಮೀಟರ್ ನಡುವೆ ನಿಲ್ಲುತ್ತದೆ. ಜನ ಇದನ್ನು ಕಣ್ಣಿನ ಬಿ.ಪಿ. ಎನ್ನುವುದುಂಟು, ಆದರೆ ತೋಳಿಗೆ ಪಟ್ಟಿ ಸುತ್ತಿ ಅಳೆಯುವ ರಕ್ತದೊತ್ತಡ ಸರಿಯಿದ್ದವರಲ್ಲಿಯೂ ಕಣ್ಣಿನ ಒತ್ತಡ ಏರಿರಬಹುದು. ಜಾಲರಿ ತೆರೆದೇ ಇದ್ದು ಒಳಗೊಳಗೆ ಕಟ್ಟಿಕೊಂಡರೆ ಅದು ತೆರೆದ ಕೋನದ ಗ್ಲಾಕೋಮಾ: ನೋವಿಲ್ಲ, ಕೆಂಪಿಲ್ಲ, ಮೊದಲು ಬದಿಯ ನೋಟ ಸವೆದು, ನಡುವಿನ ನೋಟ ಕೊನೆಗೆ ಹೋಗುತ್ತದೆ. ಪಾಪೆಯ ಸುತ್ತಲಿನ ಪರದೆಯಂಥ ಭಾಗ, ಅಂದರೆ ಐರಿಸ್, ಮುಂದಕ್ಕೆ ಬಾಗಿ ಜಾಲರಿಯನ್ನೇ ಮುಚ್ಚಿದರೆ ಅದು ಮುಚ್ಚಿದ ಕೋನದ್ದು. ಇದು ಕೆಲವರಲ್ಲಿ ಸದ್ದಿಲ್ಲದೆ ಬೆಳೆದರೆ, ಕೆಲವರಲ್ಲಿ ತಲೆ ಸಿಡಿಯುವ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣುವುದು ಇವುಗಳೊಂದಿಗೆ ಒಮ್ಮೆಲೇ ಎರಗುತ್ತದೆ.

ಹೀಗೆ ಎರಗುವ ರೂಪ ಹಳಬರಿಗೂ ಗೊತ್ತಿದ್ದಿರಬೇಕು. ಸುಶ್ರುತ ಸಂಹಿತೆಯಲ್ಲಿ ಬರುವ ಅಧಿಮಂಥವೆಂಬ ರೋಗದಲ್ಲಿ ಕಣ್ಣನ್ನು ಕಡಗೋಲಿನಿಂದ ಕಡೆದಂತೆ ನೋವು, ಅರ್ಧ ತಲೆಯ ವೇದನೆ ಇರುವುದನ್ನು ಕಂಡು ಹಲವರು ಅದನ್ನು ಗ್ಲಾಕೋಮಾಕ್ಕೆ ಹೋಲಿಸಿದ್ದಾರೆ. ಸದ್ದಿಲ್ಲದ ರೂಪ ಕಣ್ಣಿಗೆ ಬೀಳಲು ಮಾತ್ರ ಕಣ್ಣಿನೊಳಗೆ ಇಣುಕುವ ಸಾಧನ ಬೇಕಾಯಿತು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಅಂಥ ಉಪಕರಣವನ್ನು ಬಳಕೆಗೆ ತಂದ ಮೇಲೆ ನರದ ತಲೆ ಬಟ್ಟಲಿನಂತೆ ಗುಳಿಬೀಳುವುದು ತಿಳಿಯಿತು. ಕೆಲವೇ ವರ್ಷಗಳಲ್ಲಿ ಬರ್ಲಿನ್ನಿನ ಫಾನ್ ಗ್ರೇಫೆ ಐರಿಸ್‌ನ ತುಣುಕನ್ನು ಕತ್ತರಿಸಿ ಒತ್ತಡವನ್ನು ಇಳಿಸುವ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದರು. ದಕ್ಷಿಣ ಭಾರತದವರು ಮರೆಯಬಾರದ ಹೆಸರು ಮದರಾಸಿನ ಸರಕಾರಿ ಕಣ್ಣಾಸ್ಪತ್ರೆಯ ರಾಬರ್ಟ್ ಹೆನ್ರಿ ಎಲಿಯಟ್ ಅವರದು. ಬಿಳಿಗುಡ್ಡೆಯ ಅಂಚಿನಲ್ಲಿ ಸಣ್ಣ ದುಂಡು ರಂಧ್ರ ಕೊರೆದು ದ್ರವಕ್ಕೆ ಹೊಸ ದಾರಿ ಮಾಡುವ ಕ್ರಮವನ್ನು ಅವರು 1909ರಲ್ಲಿ ವಿವರಿಸಿದರು. ಅದು ದಶಕಗಳ ಕಾಲ ಜಗತ್ತಿನೆಲ್ಲೆಡೆ ನಡೆದು, 1968ರಲ್ಲಿ ಕೇರ್ನ್ಸ್ ವಿವರಿಸಿದ, ಇಂದಿಗೂ ಬಳಕೆಯಲ್ಲಿರುವ ಟ್ರಾಬೆಕ್ಯುಲೆಕ್ಟಮಿ ಎಂಬ ಶಸ್ತ್ರಚಿಕಿತ್ಸೆಗೆ ಎಡೆಕೊಟ್ಟಿತು. ಹನಿ ಔಷಧಿಗಳಲ್ಲಿ 1870ರ ದಶಕದ ಪೈಲೋಕಾರ್ಪಿನ್, 1978ರ ಟಿಮೊಲಾಲ್, 1996ರ ಲಟನೊಪ್ರೋಸ್ಟ್ ಒಂದೊಂದು ಮೆಟ್ಟಿಲು. ದಿನಕ್ಕೆ ನಾಲ್ಕು ಸಲ ಹಾಕಬೇಕಾಗಿದ್ದ ಹನಿ ರಾತ್ರಿಯ ಒಂದೇ ಹನಿಗೆ ಇಳಿದದ್ದು ಹೊಲಮನೆಯ ಕೆಲಸದ ನಡುವೆ ಔಷಧಿ ನೆನಪಿಡಬೇಕಾದವರಿಗೆ ಸಣ್ಣ ಉಪಕಾರವಲ್ಲ.

ಒತ್ತಡವನ್ನು ಅಳೆಯುವ ಸಾಧನಗಳು ಸುಧಾರಿಸಿದಂತೆ ಸಂಖ್ಯೆಯೊಂದೇ ರೋಗವನ್ನು ಹೇಳದೆಂಬುದೂ ತಿಳಿಯುತ್ತ ಬಂತು. 21ಕ್ಕಿಂತ ಕಡಿಮೆ ಒತ್ತಡದಲ್ಲಿಯೇ ನರ ಸವೆದವರಿದ್ದಾರೆ, ಅದಕ್ಕಿಂತ ಹೆಚ್ಚಿದ್ದೂ ನರ ಗಟ್ಟಿಯಾಗಿ ಉಳಿದವರಿದ್ದಾರೆ. ಆದ್ದರಿಂದ ನರದ ತಲೆಯನ್ನು ನೋಡುವುದು, ಬದಿಯ ನೋಟವನ್ನು ಅಳೆಯುವುದು, ಕನ್ನಡಿಯುಳ್ಳ ಮಸೂರದಿಂದ ಕೋನವನ್ನು ಪರೀಕ್ಷಿಸುವುದು ಇವೆಲ್ಲ ಕೂಡಿದರೆ ಮಾತ್ರ ನಿರ್ಣಯ. ಆಂಧ್ರಪ್ರದೇಶದಲ್ಲಿಯೂ ತಮಿಳುನಾಡಿನಲ್ಲಿಯೂ ನಡೆದ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಇದ್ದವರ ಪೈಕಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಿಗೆ ಅದು ತಮಗಿದೆ ಎಂಬುದೇ ತಿಳಿದಿರಲಿಲ್ಲ. ಪೊರೆಯನ್ನು ಟಾರ್ಚಿನ ಬೆಳಕಿನಲ್ಲಿ ಗುರುತಿಸಬಹುದು, ಗ್ಲಾಕೋಮಾವನ್ನು ಹಾಗೆ ಗುರುತಿಸಲಾಗದು. ಶಿಬಿರದ ಪದ್ಧತಿಯ ಮಿತಿ ಇರುವುದು ಇಲ್ಲಿಯೇ. ಕನ್ನಡಕಕ್ಕೆ ಉಳಿದುಬಂದಿರುವ ಚಾಳೀಸು ಎಂಬ ಹೆಸರೇ ನಲವತ್ತರ ವಯಸ್ಸನ್ನು ಹೇಳುತ್ತದೆ, ಮತ್ತು ಈ ಪರೀಕ್ಷೆಗಳನ್ನು ಮೊದಲ ಸಲ ಮಾಡಿಸಬೇಕಾದ ವಯಸ್ಸೂ ಸುಮಾರಾಗಿ ಅದೇ. ಜಾತ್ರೆಯಲ್ಲೋ ಸಂತೆಯಲ್ಲೋ ಸಿದ್ಧ ಚಾಳೀಸು ಕೊಂಡು ಓದು ಸರಾಗವಾಯಿತೆಂದು ಸುಮ್ಮನಾದವರು ಆ ಅವಕಾಶವನ್ನು ಕಳೆದುಕೊಳ್ಳುತ್ತಾರೆ.

ಈ ಸೀಮೆಗೆ ವಿಶೇಷವಾಗಿ ಅನ್ವಯಿಸುವ ಇನ್ನೆರಡು ಸಂಗತಿಗಳಿವೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಸಂಬಂಧಗಳು ಇಲ್ಲಿ ಹಳೆಯ ರೂಢಿ. ಹುಟ್ಟಿನಿಂದಲೇ ಬರುವ ಗ್ಲಾಕೋಮಾ ತಂದೆತಾಯಿ ಇಬ್ಬರಿಂದಲೂ ದೋಷದ ವಂಶವಾಹಿ ಬಂದಾಗ ಕಾಣಿಸಿಕೊಳ್ಳುವುದೇ ಹೆಚ್ಚಾದ್ದರಿಂದ, ರಕ್ತಸಂಬಂಧದ ಮದುವೆಯ ಮಕ್ಕಳಲ್ಲಿ ಅದರ ಸಾಧ್ಯತೆ ಏರುತ್ತದೆ. ಕೂಸಿನ ಕಣ್ಣು ದೊಡ್ಡದಾಗಿ ಚೆಂದ ಕಾಣುವುದು, ಬಿಸಿಲಿಗೆ ಕಣ್ಣು ಬಿಡದಿರುವುದು, ಸದಾ ನೀರು ಸುರಿಯುವುದು, ಕಪ್ಪುಗುಡ್ಡೆ ಮಂಜಾಗುವುದು ಇವು ದೃಷ್ಟಿ ತೆಗೆದು ಸುಮ್ಮನಿರುವ ಲಕ್ಷಣಗಳಲ್ಲ. ವಾರಗಳೊಳಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದಾದ ಲಕ್ಷಣಗಳು. ಎರಡನೆಯದು ಹನಿ ಔಷಧಿಯ ದುರ್ಬಳಕೆ. ಕಬ್ಬಿನ ರವದಿ, ಜೋಳದ ದಂಟು ತಾಗಿ ಕೆಂಪಾದ ಕಣ್ಣಿಗೋ ತುರಿಕೆಗೋ ಚೀಟಿಯಿಲ್ಲದೆ ಕೊಂಡ ಸ್ಟೀರಾಯ್ಡ್ ಹನಿ ತಕ್ಷಣ ತಂಪೆನಿಸಿದರೂ, ತಿಂಗಳುಗಟ್ಟಲೆ ಹಾಕಿಕೊಂಡ ಕೆಲವರಲ್ಲಿ ಜಾಲರಿಯನ್ನು ಬಿಗಿದು ಒತ್ತಡವನ್ನು ಏರಿಸುತ್ತದೆ. ಹುಬ್ಬಳ್ಳಿಯಲ್ಲಿ 1957ರಲ್ಲಿಯೂ ಬೆಳಗಾವಿಯಲ್ಲಿ 1963ರಲ್ಲಿಯೂ ವೈದ್ಯಕೀಯ ಕಾಲೇಜುಗಳು ಆರಂಭವಾದದ್ದರಿಂದ, ಮುಂದೆ ಹುಬ್ಬಳ್ಳಿಯ ಎಂ.ಎಂ. ಜೋಶಿ ನೇತ್ರ ಸಂಸ್ಥೆಯಂಥ ಆಸ್ಪತ್ರೆಗಳು ಬೆಳೆದದ್ದರಿಂದ, ಕಿತ್ತೂರಿನವರಿಗೆ ಹೆದ್ದಾರಿಯ ಎರಡೂ ದಿಕ್ಕಿನಲ್ಲಿ ತಜ್ಞರು ಸಿಗುತ್ತಾರೆ. ರಾಮದುರ್ಗದ ಹಳ್ಳಿಗಳಿಂದ ತಿಂಗಳಿಗೊಮ್ಮೆ ಹೋಗಿಬರುವವರಿಗೆ ಮಾತ್ರ ಒಂದು ದಿನದ ಕೂಲಿ ಇಂದಿಗೂ ಹೋಗುತ್ತದೆ.

ಲೇಸರ್ ಈ ಚರಿತ್ರೆಯೊಳಗೆ ಬಂದದ್ದು 1960ರಲ್ಲಿ ಮೈಮನ್ ಮೊದಲ ಮಾಣಿಕ್ಯದ ಲೇಸರನ್ನು ಬೆಳಗಿಸಿದ ನಂತರ. ಗ್ರೇಫೆ ಕತ್ತರಿಯಿಂದ ಮಾಡುತ್ತಿದ್ದುದನ್ನು ಇಂದು ಯಾಗ್ ಲೇಸರ್ ಐರಿಸ್‌ನಲ್ಲಿ ಸೂಜಿಮೊನೆಯಷ್ಟು ರಂಧ್ರ ಮಾಡಿ ಕೆಲವು ನಿಮಿಷಗಳಲ್ಲಿ ಮುಗಿಸುತ್ತದೆ. ಇದು ಮುಚ್ಚಿದ ಕೋನದವರಿಗೆ. ತೆರೆದ ಕೋನದವರ ಜಾಲರಿಗೆ 1979ರಲ್ಲಿ ವೈಸ್ ಮತ್ತು ವಿಟರ್ ಆರ್ಗಾನ್ ಲೇಸರನ್ನು ಹಾಯಿಸಿ ತೋರಿಸಿದರು. 1990ರ ದಶಕದಲ್ಲಿ ಅದಕ್ಕಿಂತ ಮೃದುವಾದ ಎಸ್.ಎಲ್.ಟಿ. ಎಂಬ ಲೇಸರ್ ಚಿಕಿತ್ಸೆ ಬಂತು. ಬ್ರಿಟನ್ನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲಿಗೇ ಎಸ್.ಎಲ್.ಟಿ. ಪಡೆದವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಜನರಿಗೆ ಮೂರು ವರ್ಷಗಳ ತನಕ ಹನಿಯ ಅಗತ್ಯ ಬೀಳಲಿಲ್ಲ. ಔಷಧಿ ಮುಗಿದಾಗ ಪಟ್ಟಣಕ್ಕೆ ಹೋಗಲಾಗದೆ ನಿಲ್ಲಿಸಿಬಿಡುವ ರೋಗಿಗಳಿರುವಲ್ಲಿ ಈ ಫಲಿತಾಂಶಕ್ಕೆ ಹೆಚ್ಚಿನ ಬೆಲೆಯಿದೆ. ಆದರೂ ಇದು ಉಳಿದದ್ದನ್ನು ಕಾಯುವ ಚಿಕಿತ್ಸೆ, ಕಳೆದದ್ದನ್ನು ತರುವ ಚಿಕಿತ್ಸೆಯಲ್ಲ. ಪರಿಣಾಮ ವರ್ಷಗಳಲ್ಲಿ ಇಳಿಯುವುದರಿಂದ ತಪಾಸಣೆ ನಿಲ್ಲುವಂತಿಲ್ಲ.

ಚಸ್ಮಾ ಬಿಡಿಸುವ ಲೇಸರ್ ಹುಟ್ಟಿದ್ದು ಬೇರೆ ಬೇರಿನಿಂದ. ಭಾರತದಲ್ಲಿ ಹುಟ್ಟಿ ಅಮೆರಿಕದ ಐ.ಬಿ.ಎಂ. ಪ್ರಯೋಗಾಲಯದಲ್ಲಿದ್ದ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಅವರ ಇಬ್ಬರು ಸಂಗಡಿಗರು 1981ರಲ್ಲಿ ಎಕ್ಸೈಮರ್ ಲೇಸರಿನ ಅತಿನೇರಳೆ ಕಿರಣವು ಸುತ್ತಲಿನ ಭಾಗವನ್ನು ಸುಡದೆ ಜೀವಾಂಗಾಂಶವನ್ನು ಪದರಪದರವಾಗಿ ಕೆತ್ತಬಲ್ಲದೆಂದು ಕಂಡುಕೊಂಡರು. ಮುಂದೆ 1990ರಲ್ಲಿ ಗ್ರೀಸಿನ ಪಲ್ಲಿಕಾರಿಸ್ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಗಾಜಿನಂಥ ಭಾಗದ, ತೆಳುಪದರವನ್ನು ಮುಚ್ಚಳದಂತೆ ಎತ್ತಿ ಕೆಳಗೆ ಕೆತ್ತುವ ಕ್ರಮಕ್ಕೆ ಲೇಸಿಕ್ ಎಂಬ ಹೆಸರು ಕೊಟ್ಟರು. ಹದಿನೆಂಟು ದಾಟಿ, ಕನ್ನಡಕದ ನಂಬರು ಕನಿಷ್ಠ ಒಂದು ವರ್ಷ ಬದಲಾಗದೆ ನಿಂತು, ಕಾರ್ನಿಯಾ ಸಾಕಷ್ಟು ದಪ್ಪವೂ ಸರಿಯಾದ ಆಕಾರದ್ದೂ ಆಗಿದ್ದವರಿಗೆ ಇದು ಒಳ್ಳೆಯ ಚಿಕಿತ್ಸೆ.

ಈ ಎರಡು ಕವಲುಗಳು ಕೂಡುವ ಕಡೆಯೇ ರೋಗಿಗೆ ಹೆಚ್ಚು ಎಚ್ಚರ ಬೇಕು. ಲೇಸಿಕ್ ಕಾರ್ನಿಯಾವನ್ನು ತೆಳುಗೊಳಿಸುತ್ತದೆ; ಅದನ್ನು ಒತ್ತಿಯೇ ಕಣ್ಣಿನ ಒತ್ತಡವನ್ನು ಅಳೆಯುವ ಉಪಕರಣವು ತೆಳುವಾದ ಕಾರ್ನಿಯಾದ ಮೇಲೆ ನಿಜಕ್ಕಿಂತ ಕಡಿಮೆ ಸಂಖ್ಯೆಯನ್ನು ತೋರಿಸುತ್ತದೆ, ಹಾಗಾಗಿ ಹತ್ತಿಪ್ಪತ್ತು ವರ್ಷಗಳ ನಂತರ ಏರಿದ ಒತ್ತಡವೂ ಸಹಜವೆಂದು ಕಾಣಬಹುದು. ದೂರದ್ದು ಕಾಣದ ದೋಷ ಹೆಚ್ಚಿದ್ದವರಿಗೆ ಗ್ಲಾಕೋಮಾದ ಸಂಭವವೇ ಹೆಚ್ಚು. ಲೇಸಿಕ್ ಕನ್ನಡಕವನ್ನು ತೆಗೆಯುತ್ತದೆಯೇ ಹೊರತು ಹಿಂದಕ್ಕೆ ಉದ್ದವಾಗಿ ಬೆಳೆದ ಕಣ್ಣುಗುಡ್ಡೆಯನ್ನು ಮೊಟಕುಗೊಳಿಸದಾದ್ದರಿಂದ ಆ ಸಂಭವ ಹಾಗೆಯೇ ಉಳಿಯುತ್ತದೆ. ಮುಚ್ಚಳ ಎತ್ತುವಾಗ ಕಣ್ಣಿಗೆ ಕೂರಿಸುವ ಹೀರುಬಳೆ ಕೆಲಕ್ಷಣ ಒತ್ತಡವನ್ನು ಬಹಳ ಏರಿಸುತ್ತದೆ, ಆಮೇಲಿನ ವಾರಗಳಲ್ಲಿ ಸ್ಟೀರಾಯ್ಡ್ ಹನಿಯೂ ಬೇಕಾಗುತ್ತದೆ; ಈಗಾಗಲೇ ನರ ಸವೆದವರಿಗೆ ತಜ್ಞರು ಇದನ್ನು ಸಾಮಾನ್ಯವಾಗಿ ಬೇಡವೆನ್ನುವುದು ಇದಕ್ಕಾಗಿಯೇ. ನೌಕರಿಯ ಭರ್ತಿಗೆಂದೋ ಮದುವೆಗೆಂದೋ ಚಿಕಿತ್ಸೆಗೆ ಹೊರಡುವ ತರುಣ ತರುಣಿಯರು ಮನೆಯ ಹಿರಿಯರಲ್ಲಿ ಯಾರಿಗಾದರೂ ಕಣ್ಣಿನ ಒತ್ತಡ ಹೆಚ್ಚಿತ್ತೇ ಎಂಬುದನ್ನು ವಿಚಾರಿಸಿ ವೈದ್ಯರಿಗೆ ತಿಳಿಸಬೇಕು. ಚಿಕಿತ್ಸೆಗೆ ಮುಂಚಿನ ನಂಬರು, ಕಾರ್ನಿಯಾದ ದಪ್ಪ, ಒತ್ತಡ ಈ ಮೂರು ಬರೆದಿರುವ ಕಾಗದವನ್ನು ಹೊಲದ ಉತಾರದಷ್ಟೇ ಜೋಪಾನವಾಗಿ ಇಟ್ಟುಕೊಂಡು, ನಲವತ್ತರ ತಪಾಸಣೆಗೆ ಹೋದಾಗ ಕೇಳದಿದ್ದರೂ ತೋರಿಸಬೇಕು.