ಹೆಸರು ಒಂದೇ, ಮೂಲ ಹಲವು: ಪಿಎಚ್‌ಪಿ ಸೆಷನ್ ಚರಗಳ ಕಥೆ

ಜಾಲಪುಟಗಳನ್ನು ಸಾಗಿಸುವ ಎಚ್‌ಟಿಟಿಪಿ ನಿಯಮಾವಳಿಗೆ ನೆನಪಿನ ಶಕ್ತಿಯಿಲ್ಲ. ಈಗಷ್ಟೇ ಒಂದು ಪುಟ ಕೇಳಿದವರು ಮತ್ತೊಂದನ್ನು ಕೇಳಿದರೆ, ಸರ್ವರ್‌ಗೆ ಅವರು ಹೊಸಬರೇ. ಈ ಕೊರತೆ ನೀಗಲು 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲ್ಲಿ ಕುಕಿಯನ್ನು ರೂಪಿಸಿದರು. 2000ದ ಮೇ ತಿಂಗಳಲ್ಲಿ ಹೊರಬಂದ ಪಿಎಚ್‌ಪಿ 4, ಸೆಷನ್ ಸೌಲಭ್ಯವನ್ನು ಭಾಷೆಯಲ್ಲೇ ಅಳವಡಿಸಿತು. ಬಳಕೆದಾರರ ಮಾಹಿತಿ ಸರ್ವರ್‌ನಲ್ಲಿ ಉಳಿಯುತ್ತದೆ. ಅದರ ಗುರುತುಸಂಖ್ಯೆ ಮಾತ್ರ ಕುಕಿಯಲ್ಲಿ ಓಡಾಡುತ್ತದೆ.

ಆದರೆ ಆಗ ‘ರಿಜಿಸ್ಟರ್ ಗ್ಲೋಬಲ್ಸ್’ ಎಂಬ ಆಯ್ಕೆ ತಾನಾಗಿಯೇ ಚಾಲೂ ಇರುತ್ತಿತ್ತು. ಸೆಷನ್, ಕುಕಿ, ಜಾಲವಿಳಾಸ – ಎಲ್ಲಿಂದ ಬಂದ ಬೆಲೆಯೂ ಒಂದೇ ಬಗೆಯ ಚರವಾಗುತ್ತಿತ್ತು. ‘ಅಡ್ಮಿನ್’ ಎಂಬ ಚರಕ್ಕೆ ಪ್ರೋಗ್ರಾಮಿನಲ್ಲಿ ಆರಂಭದ ಬೆಲೆ ಕೊಟ್ಟಿರದಿದ್ದರೆ, ವಿಳಾಸದ ಕೊನೆಗೆ ‘ಅಡ್ಮಿನ್=1’ ಎಂದು ಸೇರಿಸಿದ ಯಾರು ಬೇಕಾದರೂ ಮೇಲ್ವಿಚಾರಕರಾಗಬಹುದಿತ್ತು!

2001ರ ಡಿಸೆಂಬರ್‌ನಲ್ಲಿ ಬಂದ 4.1 ಆವೃತ್ತಿ, ಸೆಷನ್ ಚರಗಳಿಗೆ ಎಲ್ಲೆಡೆ ನೇರವಾಗಿ ಸಿಗುವ ಪ್ರತ್ಯೇಕ ಸರಣಿಯೊಂದನ್ನು ಒದಗಿಸಿತು. 2002ರ ಏಪ್ರಿಲ್‌ನ 4.2 ಆವೃತ್ತಿಯಲ್ಲಿ ಹಳೆಯ ಆಯ್ಕೆ ತಾನಾಗಿ ಚಾಲೂ ಆಗುವುದು ನಿಂತಿತು. ಅದನ್ನು ನಂಬಿದ್ದ ಪ್ರೋಗ್ರಾಮುಗಳಲ್ಲಿ ಚರಗಳು ಬರಿದಾಗಿ ಕಂಡವು. ದೋಷ ಹುಡುಕುವವರು ಎರಡು ಅಂಶ ನೋಡಬೇಕಿತ್ತು: ಬೆಲೆಯನ್ನು ಸೆಷನ್ ಸರಣಿಯಿಂದಲೇ ಓದಲಾಗಿದೆಯೇ? ಪುಟದ ಒಂದಕ್ಷರವೂ ಹೊರಹೋಗುವ ಮೊದಲೇ ಸೆಷನ್ ಆರಂಭವಾಗಿದೆಯೇ? ಮೊದಲ ಸಾಲಿಗೂ ಮುಂಚಿನ ಒಂದು ಖಾಲಿ ಜಾಗ ಸಾಕು, ಕುಕಿ ಕಳುಹಿಸುವ ಅವಕಾಶ ತಪ್ಪಿಹೋಗಬಹುದು.

2012ರ ಮಾರ್ಚ್‌ನಲ್ಲಿ 5.4 ಆವೃತ್ತಿಯು ಆ ಆಯ್ಕೆಯನ್ನೇ ಕಿತ್ತುಹಾಕಿತು. ಚರದ ಬೆಲೆ ಎಷ್ಟು ಎಂದಷ್ಟೇ ಅಲ್ಲ, ಅದು ಎಲ್ಲಿಂದ ಬಂತು ಎಂದೂ ಕೇಳಬೇಕೆಂಬ ಪಾಠ ಮಾತ್ರ ಎಲ್ಲ ಭಾಷೆಗಳಿಗೂ ಅನ್ವಯಿಸುತ್ತದೆ.